ಹಸಿರು ಸೀರೆ ಸಿನಿಮಾದ ಕೊನೆ

ತ್ಯಾಗರಾಜನಗರ
12 ಜೂನ್ 2024

ಜ್ಯೋತಿಲಕ್ಷ್ಮಿಗೆ,

ಕವರಿನ ಮೇಲಿನ ಹೆಸರು ನೋಡಿ ತಲೆ ಕೆರೆದುಕೊಳ್ಳಬೇಡ. ಚಾಮರಾಜಪೇಟೆ ವಠಾರದಲ್ಲಿ ನಿನ್ನ ಎದುರು ಮನೆಯಲ್ಲಿದ್ದ ಸುಬ್ಬಮ್ಮನೇ ನಾನು, ರಾಮಾಂಜಿನಪ್ಪನವರ ಹೆಂಡತಿ. ಅವರು ತೀರಿಕೊಂಡು ಕೆಲವು ವರ್ಷಗಳಾದವು. ಈಗ ಮಗ ಮಂಜುನಾಥ, ಸೊಸೆ ರಕ್ಷಿತಾ ಜೊತೆ ಇದ್ದೇನೆ. ಮೊಣಕಾಲೊಂದು ಬಿಟ್ಟರೆ ಉಳಿದದ್ದೆಲ್ಲ ಹೇಳಿದ ಮಾತು ಕೇಳುತ್ತದೆ.

ಹೋದ ವಾರ ಗಾಂಧಿ ಬಜಾರಿನಲ್ಲಿ ಸೊಪ್ಪು ಆರಿಸುತ್ತಿದ್ದಾಗ ನಿನ್ನ ಶ್ರೀಧರ ಕಣ್ಣಿಗೆ ಬಿದ್ದ. ಅವರಪ್ಪ ಅಂಜನಪ್ಪನವರ ಮುಖವನ್ನೇ ಇಟ್ಟುಕೊಂಡು ಓಡಾಡುತ್ತಿದ್ದಾನೆ, ಗುರುತು ಹಿಡಿಯದೆ ಇರುವುದು ಹೇಗೆ? ನಾನೇ ಹೋಗಿ ಮಾತಾಡಿಸಿದೆ. ನೀವೀಗ ಮಾವಳ್ಳಿಯಲ್ಲಿದ್ದೀರಿ ಎಂದ. ನಿನಗೆ ಫೋನ್ ಮಾಡುತ್ತೇನೆ, ನಂಬರ್ ಕೊಡು ಎಂದೆ. ಅವನು ಕೈಚೀಲ ಕೆಳಗಿಟ್ಟ. ಆಮೇಲೆ ಹೇಳಿದ: "ಫೋನ್ ಬೇಡ ಆಂಟಿ. ಡಿಸೆಂಬರಲ್ಲಿ ಗಂಟಲಿನ ಆಪರೇಷನ್ ಆಯ್ತು. ಗಡ್ಡೆ ಪೂರ್ತಿ ತೆಗೆದಿದಾರೆ, ಭಯ ಏನಿಲ್ಲ. ಅಭ್ಯಾಸ ಮಾಡಿದ್ರೆ ಮಾತು ಬರುತ್ತೆ ಅಂತಾರೆ ಡಾಕ್ಟ್ರು. ಅಮ್ಮನೇ ಮಾತಾಡ್ತಿಲ್ಲ. ಸ್ಲೇಟಲ್ಲಿ ಬರ್ದು ತೋರಿಸ್ತಾರೆ."

ವಿಳಾಸವನ್ನೂ ಅವನ ನಂಬರನ್ನೂ ಬರೆಸಿಕೊಂಡು, ಸೊಪ್ಪು ಅಲ್ಲೇ ಬಿಟ್ಟು ಬಂದೆ. ನೀನು ಮಾತಾಡುವುದಿಲ್ಲ ಎಂದರೆ ನಂಬುವುದು ಹೇಗೆ? ಇಡೀ ವಠಾರಕ್ಕೆ ಒಂದೇ ಗಂಟಲು ಎಂದರೆ ಅದು ನಿನ್ನದು. ಅದಕ್ಕೇ ಈ ಕಾಗದ. ಮೊಬೈಲಿನಲ್ಲಿ ಬರೆಯೋಣವೆಂದರೆ, ಜೀವಮಾನವಿಡೀ ಟೈಪಿಸ್ಟ್ ಆಗಿದ್ದ ನನಗೆ ಆ ಪುಟ್ಟ ಅಕ್ಷರಗಳ ಮೇಲೆ ಬೆರಳು ನಿಲ್ಲುವುದಿಲ್ಲ.

ಇನ್ನೊಂದು ಕಾರಣವೂ ಇದೆ. ನಿನ್ನೊಂದಿಗೆ ಒಂದು ಜಗಳ ಬಾಕಿ ಇದೆ.

ತಿಂಗಳಿಗೊಮ್ಮೆ ವಠಾರದ ಹೆಂಗಸರೆಲ್ಲ ಕಾಸು ಸೇರಿಸಿ ನಿನ್ನನ್ನು ಮ್ಯಾಟಿನಿಗೆ ಕಳಿಸುತ್ತಿದ್ದರು, ನೆನಪಿದೆ ತಾನೆ? ಎಲ್ಲರೂ ಹೋಗುವ ಹಾಗಿರಲಿಲ್ಲ. ಆದ್ದರಿಂದ ನೀನೊಬ್ಬಳು ನೋಡಿ ಬರುವುದು, ದೀಪ ಹಚ್ಚಿದ ಮೇಲೆ ನಿಮ್ಮ ಜಗಲಿಯಲ್ಲಿ ಕೂತು ಎಲ್ಲರಿಗೂ ಸಿನಿಮಾ ಹೇಳುವುದು. ಅವತ್ತು ನಿಮ್ಮ ಮನೆಯ ಪಾತ್ರೆ ಪಕ್ಕದ ಮನೆ ಮುನಿಯಮ್ಮನ ಪಾಲು, ಶ್ರೀಧರನನ್ನು ಎತ್ತಿಕೊಳ್ಳುವುದು ಇನ್ಯಾರದೋ ಪಾಲು. ಸಿನಿಮಾದ ಹೆಸರು ನಮಗೆ ಯಾರಿಗೂ ಬೇಕಾಗಿರಲಿಲ್ಲ. ಗಿಳಿಪಂಜರದ ಸಿನಿಮಾ, ಇಬ್ಬರು ಅಣ್ಣಂದಿರ ಸಿನಿಮಾ, ಹಸಿರು ಸೀರೆ ಸಿನಿಮಾ ಎಂದು ನಾವೇ ಕರೆದುಕೊಳ್ಳುತ್ತಿದ್ದೆವು.

ಮೊನ್ನೆ ರಕ್ಷಿತಾ ಟಿವಿಯಲ್ಲಿ ಇಂಟರ್ನೆಟ್ಟಿನಿಂದ ಯಾವುದೋ ಹಳೆಯ ಸಿನಿಮಾ ಹಾಕಿ ಅಡುಗೆಮನೆಗೆ ಹೋದಳು. ಹಸಿರು ಸೀರೆಯವಳು ಟ್ರಂಕು ಹಿಡಿದು ರೈಲಿನಿಂದ ಇಳಿದಳು, ಚಪ್ಪಲಿ ಕಿತ್ತುಹೋಯಿತು, ಅದನ್ನು ಕೈಯಲ್ಲಿ ಹಿಡಿದುಕೊಂಡು ನಡೆದಳು. ನಾನೆಂದೂ ನೋಡದ ಸಿನಿಮಾದಲ್ಲಿ ಮುಂದೇನಾಗುತ್ತದೆಂದು ಪ್ರತಿ ದೃಶ್ಯಕ್ಕೂ ನನಗೆ ಗೊತ್ತಿತ್ತು. ಒಂದೇ ವ್ಯತ್ಯಾಸವೆಂದರೆ ನನ್ನ ತಲೆಯಲ್ಲಿದ್ದವಳಿಗೆ ನಿನ್ನ ಮೂಗಿತ್ತು.

ಹಾಗೇ ಕೊನೆಯವರೆಗೆ ನೋಡಿದೆ. ನೀನು ಹೇಳಿದ ಕೊನೆ ಅದರಲ್ಲಿಲ್ಲ. ಯಾಕಿಲ್ಲ ಎಂದು ನೀನೇ ಹೇಳಬೇಕು.

ಸುಬ್ಬಮ್ಮ


ಮಾವಳ್ಳಿ
3 ಜುಲೈ 2024

ಪ್ರಿಯ ಸುಬ್ಬಿ,

ಇಷ್ಟು ವರ್ಷದ ಮೇಲೆ ಜಗಳಕ್ಕೆಂದೇ ಕಾಗದ ಬರೆದವಳು ನೀನೊಬ್ಬಳೇ ಇರಬೇಕು. ಓದಿ ನಕ್ಕೆ. ನಗುವಾಗ ಸದ್ದು ಬರುವುದಿಲ್ಲ, ಹೊಟ್ಟೆ ಮಾತ್ರ ಕುಣಿಯುತ್ತದೆ. ಮೊಮ್ಮಗಳು ಲಾಸ್ಯಾ ನೋಡಿ ಏನಾಯಿತೋ ಎಂದು ಓಡಿಬಂದಳು. ಅವಳು ಬಿ.ಕಾಂ. ಓದುತ್ತಿದ್ದಾಳೆ, ನನ್ನನ್ನು ಕಾಯುವ ಡ್ಯೂಟಿ ಅವಳದು.

ಅಂಜನಪ್ಪನವರು ರಿಟೈರ್ ಆದ ವರ್ಷವೇ ಹೋದರು. ನಾನು ಬಾಲವಾಡಿ ಟೀಚರಾಗಿ ತುಂಬ ವರ್ಷ ದುಡಿದೆ. ಹಾಡು, ಕಥೆ, ಕೂಗಾಟ. ಗಂಟಲು ತನ್ನ ಪಾಲಿನ ಕೆಲಸ ಮುಗಿಸಿದೆ, ಈಗ ಅದಕ್ಕೂ ರಿಟೈರ್‌ಮೆಂಟ್ ಎಂದುಕೊಂಡಿದ್ದೇನೆ. ಈ ವಿಷಯ ಇಲ್ಲಿಗೇ ಬಿಡು. ಶ್ರೀಧರನಿಗೆ ಊರಿಗೆಲ್ಲ ಹೇಳಿಕೊಂಡು ತಿರುಗುವ ಚಟ.

ಇನ್ನು ನಿನ್ನ ಜಗಳ. ನೀನು ಬೇರೆ ಯಾವುದೋ ಸಿನಿಮಾ ನೋಡಿರಬೇಕು. ಆ ಕಾಲದಲ್ಲಿ ಎಲ್ಲ ಹೀರೋಯಿನ್ನುಗಳೂ ಟ್ರಂಕು ಹಿಡಿದೇ ರೈಲಿನಿಂದ ಇಳಿಯುತ್ತಿದ್ದರು. ಇಲ್ಲವೇ ಇಂಟರ್ನೆಟ್ಟಿಗೆ ಹಾಕಿದವರು ಅರ್ಧ ಕತ್ತರಿಸಿರಬೇಕು. ನಮ್ಮ ಕಾಲದಲ್ಲಿ ಥಿಯೇಟರ್ ಆಪರೇಟರ್ ರೀಲು ಕತ್ತರಿಸುತ್ತಿದ್ದ, ಈಗ ಇವರು.

ನಾವಿದ್ದ ವಠಾರದ ಕಡೆ ಹೋಗಿದ್ದೆಯಾ? ಅಲ್ಲಿ ನಾಲ್ಕಂತಸ್ತಿನ ಕಟ್ಟಡ ಎದ್ದಿದೆ. ಬಾವಿ ಇದ್ದ ಕಡೆ ಕಾರು ನಿಲ್ಲಿಸುತ್ತಾರೆ. ನಮ್ಮ ಥಿಯೇಟರ್ ಈಗ ಬಟ್ಟೆ ಅಂಗಡಿ. ಒಂದು ಸಲ ಲಾಸ್ಯಾಳಿಗೆ ಚೂಡಿದಾರ ತರಲು ಹೋಗಿ, ತೆರೆಯ ಮುಂದಿನ ಗಾಂಧಿ ಕ್ಲಾಸ್ ಬೆಂಚುಗಳಿದ್ದ ಜಾಗದಲ್ಲಿ ನಿಂತು ನೈಟಿ ನೋಡಿದೆ.

ಮೊಣಕಾಲಿಗೆ ಎಳ್ಳೆಣ್ಣೆ ಹಚ್ಚು.

ಜ್ಯೋತಿಲಕ್ಷ್ಮಿ


ತ್ಯಾಗರಾಜನಗರ
15 ಜುಲೈ 2024

ಜ್ಯೋತಿ,

ಬೇರೆ ಸಿನಿಮಾ ಅಲ್ಲ, ಯಾರೂ ಕತ್ತರಿಸಿಯೂ ಇಲ್ಲ. ಇನ್ನೊಂದು ಸಲ ನೋಡಿ ಬರೆಯುತ್ತಿದ್ದೇನೆ. ಗಂಡ ಮನೆಯಿಂದ ಹೊರಗೆ ಹಾಕುತ್ತಾನೆ. ಅವಳು ಕಂಡವರ ಮನೆಯ ಬಟ್ಟೆ ಹೊಲಿಯುತ್ತಾಳೆ, ಜ್ವರ ಬಂದು ಬೀಳುತ್ತಾಳೆ. ಇಲ್ಲಿಯವರೆಗೆ ನೀನು ಹೇಳಿದ್ದೂ ಇದೇ. ಆಮೇಲೆ ಆಸ್ಪತ್ರೆ. ಗಂಡ ಓಡಿ ಬರುತ್ತಾನೆ. ಅವಳು ಅವನ ಕಾಲು ಮುಟ್ಟಿ, ತಪ್ಪು ನನ್ನದೇ ಎಂದು ಕ್ಷಮೆ ಕೇಳಿ ಸಾಯುತ್ತಾಳೆ. ಅವನು ಹಣೆಗೆ ಕುಂಕುಮ ಇಡುತ್ತಾನೆ. ಶುಭಂ.

ನೀನು ಹೇಳಿದ್ದೇನು? ಅವಳಿಗೆ ಜ್ವರ ಬಿಡುತ್ತದೆ. ಆಸ್ಪತ್ರೆಯಿಂದ ತಾನೇ ನಡೆದುಕೊಂಡು ಬರುತ್ತಾಳೆ. ಗೇಟಿನ ಹತ್ತಿರ ಗಂಡ ಜಟಕಾ ತಂದು ನಿಂತಿರುತ್ತಾನೆ. "ನೀವ್ ಹೋಗಿ, ನನಗೆ ಕ್ಲಾಸಿದೆ" ಎಂದು ಹೇಳಿ ಅವಳು ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮೆಟ್ಟಿಲು ಹತ್ತುತ್ತಾಳೆ. ಮೇಲಿನಿಂದ ಟಕಟಕ ಸದ್ದು ಕೇಳುತ್ತದೆ. ನೀನು ಆ ಸದ್ದನ್ನು ಬಾಯಲ್ಲೇ ಮಾಡಿದೆ. ಮುನಿಯಮ್ಮ ಚಪ್ಪಾಳೆ ಹೊಡೆದಳು.

ಆಮೇಲೆ ಏನಾಯಿತೆಂದು ನಿನಗೆ ಪೂರ್ತಿ ಗೊತ್ತಿಲ್ಲ. ನನಗೆ ಆಗ ಮದುವೆಯಾಗಿ ಎರಡು ವರ್ಷ. ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ. ಆ ಮನೆಯಲ್ಲಿ ಅದು ಯಾರಿಗೂ ಬೇಕಿರಲಿಲ್ಲ. ಆ ರಾತ್ರಿ ಮಲಗಿದಾಗ ಆ ಟಕಟಕ ಕಿವಿಯಿಂದ ಹೋಗಲಿಲ್ಲ. ವಾರ ಕಳೆದ ಮೇಲೆ ನಮ್ಮವರಿಗೆ ಟೈಪಿಂಗ್ ಸೇರುತ್ತೇನೆ ಎಂದೆ. ಅತ್ತೆ ನನ್ನೊಡನೆ ಮಾತು ಬಿಟ್ಟರು. ನಮ್ಮವರು ಮೊದಲು ಬೇಡವೆಂದರು, ಆಮೇಲೆ ಗೊಣಗಿದರು, ಆಮೇಲೆ ತಾವೇ ಬೆಳಿಗ್ಗೆ ಮೆಟ್ಟಿಲವರೆಗೆ ಬಿಟ್ಟು ಬರತೊಡಗಿದರು. ಜೂನಿಯರ್, ಸೀನಿಯರ್, ಸರ್ಕಾರಿ ಕೆಲಸ, ಪ್ರಮೋಷನ್, ಪೆನ್ಷನ್. ಹೆದರಿಕೆಯಾದಾಗಲೆಲ್ಲ ನಾನು ನೆನೆಸಿಕೊಂಡದ್ದು ಆ ಹಸಿರು ಸೀರೆಯವಳನ್ನು. ಅವಳಿಗಾದರೆ ನನಗೆ ಯಾಕಾಗಬಾರದು ಎಂದುಕೊಳ್ಳುತ್ತಿದ್ದೆ.

ಅವಳಿಗೆ ಆಗಿರಲೇ ಇಲ್ಲವಂತೆ. ಅವಳು ಸತ್ತೇ ಹೋಗಿದ್ದಳಂತೆ. ಟಿವಿ ಮುಂದೆ ಕೂತು ನನಗೆ ಕೋಪವೂ ಬಂತು, ಅಳುವೂ ಬಂತು. ಯಾವ ಸಿನಿಮಾದಲ್ಲೂ ಇಲ್ಲದ ದೃಶ್ಯ ನಂಬಿ ನಾನು ಜೀವನ ಕಟ್ಟಿಕೊಂಡೆ. ಆ ಕಾಲದಲ್ಲಿ ಕೇಳಿದ್ದನ್ನು ಹೋಗಿ ತಾಳೆ ನೋಡಲು ಎಲ್ಲಿ ದಾರಿಯಿತ್ತು? ಸಿನಿಮಾ ಥಿಯೇಟರಿನಿಂದ ಎತ್ತಿದರೆ ಮುಗಿಯಿತು, ನೀನು ಹೇಳಿದ್ದೇ ಕೊನೆ.

ನಿಜ ಬರೆ.

ಸುಬ್ಬಮ್ಮ


ಮಾವಳ್ಳಿ
9 ಸೆಪ್ಟೆಂಬರ್ 2024

ಸುಬ್ಬಿ,

ತಡವಾಯಿತು. ನಿನ್ನ ಕಾಗದವನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿ, ಏನು ಬರೆಯಲಿ ಎಂದು ಯೋಚಿಸುವುದರಲ್ಲೇ ಗಣೇಶನ ಹಬ್ಬ ಬಂತು.

ನಿಜ ಬೇಕೇ? ನಾನು ಆ ಸಿನಿಮಾದ ಕೊನೆ ನೋಡಲೇ ಇಲ್ಲ. ಅದೊಂದೇ ಅಲ್ಲ, ಆಸ್ಪತ್ರೆ ಬರುವ ಯಾವ ಸಿನಿಮಾದ ಕೊನೆಯನ್ನೂ ನಾನು ನೋಡಿಲ್ಲ. ಬಿಳಿ ಕೋಟಿನವನು ಬಂದು ಕನ್ನಡಕ ತೆಗೆದರೆ ಸಾಕು, ಎದ್ದು ಹೊರಗೆ ಬಂದುಬಿಡುತ್ತಿದ್ದೆ. ನಮ್ಮಮ್ಮ ವಿಕ್ಟೋರಿಯಾ ಆಸ್ಪತ್ರೆಯ ವಾರ್ಡಿನಲ್ಲಿ ತೀರಿಕೊಂಡಾಗ ನಾನು ಹುಡುಗಿ, ಮಂಚದ ಪಕ್ಕದಲ್ಲೇ ನಿಂತಿದ್ದೆ. ಅದನ್ನು ಇನ್ನೊಂದು ಸಲ ದುಡ್ಡು ಕೊಟ್ಟು ನೋಡಲು ನನ್ನಿಂದಾಗಲಿಲ್ಲ.

ಆದರೆ ನೀವೆಲ್ಲ ನನ್ನ ಪಾತ್ರೆ ತೊಳೆದು ಕಾಯುತ್ತಿದ್ದಿರಿ. ಬರಿಗೈಯಲ್ಲಿ ಬರುವುದು ಹೇಗೆ? ಥಿಯೇಟರಿನ ಮುಂದೆ ಕಡಲೆಕಾಯಿ ಕೊಂಡು, ತಿನ್ನುತ್ತ ಮನೆ ಕಡೆ ನಡೆಯುತ್ತಿದ್ದೆ. ವಠಾರ ಬರುವಷ್ಟರಲ್ಲಿ ಒಂದು ಕೊನೆ ಸಿದ್ಧವಾಗುತ್ತಿತ್ತು. ಅವತ್ತು ದಾರಿಯಲ್ಲಿ ಒಂದು ಮಹಡಿಯ ಮೇಲೆ ಟೈಪಿಂಗ್ ಕ್ಲಾಸ್ ನಡೆಯುತ್ತಿತ್ತು, ಟಕಟಕ ಕೇಳಿಸಿತು. ಒಬ್ಬ ಹುಡುಗಿ ಛತ್ರಿ ಮಡಚುತ್ತ ಮೆಟ್ಟಿಲು ಹತ್ತಿದಳು. ಸರಿ, ನಮ್ಮ ಹಸಿರು ಸೀರೆಯವಳನ್ನೂ ಅವಳ ಹಿಂದೆ ಹತ್ತಿಸಿದೆ. ಇಷ್ಟೇ ಕಥೆ. ಸುಳ್ಳು ಎನ್ನುವುದಾದರೆ ಎನ್ನು, ನನಗೆ ಪಶ್ಚಾತ್ತಾಪವಿಲ್ಲ. ಆ ಸಿನಿಮಾ ತೆಗೆದವನು ಅವಳನ್ನು ಯಾಕೆ ಸಾಯಿಸಿದ ಎಂದು ಅವನನ್ನು ಕೇಳು. ಅವಳು ಮಾಡಿದ ತಪ್ಪಾದರೂ ಏನು?

ಇನ್ನೊಂದು ಮಾತು. ಜಗಲಿಯಲ್ಲಿ ನನ್ನ ಸುತ್ತ ಹತ್ತಾರು ಜನ ಕೂರುತ್ತಿದ್ದರು, ಪಿಸುಗುಟ್ಟಿದರೂ ಕೇಳುತ್ತಿತ್ತು. ಆದರೂ ನಾನು ಅಷ್ಟು ಗಟ್ಟಿಯಾಗಿ ಯಾಕೆ ಹೇಳುತ್ತಿದ್ದೆ ಎಂದು ಯಾವತ್ತಾದರೂ ಯೋಚಿಸಿದ್ದೀಯಾ? ನಿಮ್ಮ ಅಡುಗೆಮನೆಯ ಕಿಟಕಿಗೆ ಕೇಳಬೇಕಿತ್ತು. ನೀನು ಅಕ್ಕಿ ಆರಿಸುವ ನೆಪದಲ್ಲಿ ಅಲ್ಲಿ ನಿಂತಿರುತ್ತಿದ್ದೆ. ಜಗಲಿಗೆ ಬರುತ್ತಿರಲಿಲ್ಲ, ನಿಮ್ಮ ಅತ್ತೆ ನಮ್ಮ ಜಗಲಿಗೆ ನಿನ್ನನ್ನು ಬಿಡುತ್ತಿರಲಿಲ್ಲ. ಯಾಕೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ನಿಮ್ಮ ಗೃಹಪ್ರವೇಶದಲ್ಲಿ ನನಗೆ ಹೊರಗೆ ಬೇರೆ ಎಲೆ ಹಾಕಿದಾಗ ನಾನು ಊಟಕ್ಕೆ ಕೂರದೆ ಬಂದದ್ದೂ ಯಾಕೆಂದು ನಿನಗೆ ಗೊತ್ತು. ಅದಕ್ಕೆ ಉತ್ತರ ಬರೆಯಬೇಡ. ನಿನ್ನ ಮುಖ ಅವತ್ತೇ ಹೇಳಿತ್ತು.

ಈಗ ನನ್ನ ಹತ್ತಿರ ಆ ಧ್ವನಿ ಇಲ್ಲ. ಫೆಬ್ರವರಿಯಲ್ಲಿ ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿ ನನ್ನ ಹೆಸರು ಹೇಳಿಸಿದಳು. ಹಳೆಯ ಬಾಗಿಲು ಎಳೆದ ಹಾಗೆ ಏನೋ ಒಂದು ಹೊರಗೆ ಬಂತು. ಯಾರೋ ಬೇರೆಯವರು ನನ್ನೊಳಗೆ ಕೂತು ಮಾತಾಡಿದಂತಾಯಿತು. ಆ ಹುಡುಗಿ ಚೆನ್ನಾಗಿದೆ ಎಂದಳು. ನಾನು ಎದ್ದು ಬಂದೆ, ಮತ್ತೆ ಹೋಗಲಿಲ್ಲ. ನನ್ನ ಧ್ವನಿ ಹೇಗಿತ್ತೆಂದು ನಿನಗೆ ಗೊತ್ತು. ಅದು ನಿನ್ನ ನೆನಪಿನಲ್ಲಾದರೂ ಹಾಗೇ ಇರಲಿ.

ಜ್ಯೋತಿ


ತ್ಯಾಗರಾಜನಗರ
14 ಸೆಪ್ಟೆಂಬರ್ 2024

ಜ್ಯೋತಿ,

ಕಾಗದ ಓದಿದ ತಕ್ಷಣ ಬರೆಯುತ್ತಿದ್ದೇನೆ, ಇಲ್ಲದಿದ್ದರೆ ಧೈರ್ಯ ಹೋಗುತ್ತದೆ.

ಕಿಟಕಿಯ ವಿಷಯ ನನಗೆ ಗೊತ್ತಿತ್ತು. ನೀನು ಗೊತ್ತಿಲ್ಲದವಳ ಹಾಗೆ ಇದ್ದೆ, ನಾನೂ ಹಾಗೇ ಇದ್ದೆ. ಒಂದೊಂದು ದಿನ ಅತ್ತೆ ಕಿಟಕಿಯ ಬಾಗಿಲು ಹಾಕುತ್ತಿದ್ದರು. ಆಗ ನಿನ್ನ ದನಿ ಇನ್ನೂ ಏರುತ್ತಿತ್ತು. ಅದಕ್ಕೆ ನಾನು ಏನು ಹೇಳಬೇಕಿತ್ತೋ ಅದನ್ನು ಯಾವತ್ತೂ ಹೇಳಲಿಲ್ಲ. ಉತ್ತರ ಬೇಡವೆಂದಿದ್ದೀಯ, ಆದ್ದರಿಂದ ಈಗಲೂ ಇಷ್ಟಕ್ಕೇ ನಿಲ್ಲಿಸುತ್ತೇನೆ.

ಸಿನಿಮಾದ ಬಗ್ಗೆ ನನಗಿದ್ದ ಕೋಪ ಇಳಿಯಿತು. ಇನ್ನೊಂದು ಕೋಪ ಹತ್ತಿದೆ. ಆಸ್ಪತ್ರೆ ಬಂದ ತಕ್ಷಣ ಎದ್ದು ಹೊರಗೆ ಹೋಗಿ ಕಡಲೆಕಾಯಿ ತಿನ್ನುವವಳು ನೀನು. ಈಗಲೂ ಅದನ್ನೇ ಮಾಡಿದ್ದೀಯ. ಈ ಸಲ ಸಿನಿಮಾ ನಿನ್ನದು, ನೀನೇ ಒಳಗೆ ಮಲಗಿದ್ದೀಯ, ನೀನೇ ಎದ್ದು ಹೊರಗೂ ನಿಂತಿದ್ದೀಯ. ಕಂಡವರ ಕಥೆಗೆಲ್ಲ ಒಳ್ಳೆಯ ಕೊನೆ ಕೊಟ್ಟೆ. ನಿನ್ನದಕ್ಕೆ ಸ್ಲೇಟು ಮತ್ತು ಬಳಪವೇ ಕೊನೆಯೇ?

ಶ್ರೀಧರನಿಗೆ ಫೋನ್ ಮಾಡಿ ಕೇಳಿದೆ. ಬೈಯಬೇಡ. ಸುಮ್ಮನಿದ್ದಷ್ಟೂ ಗಂಟಲಿನ ನರಗಳು ಬಿಗಿದುಕೊಳ್ಳುತ್ತವಂತೆ, ಈ ವರ್ಷದೊಳಗೆ ಅಭ್ಯಾಸ ಶುರು ಮಾಡದಿದ್ದರೆ ಆಮೇಲೆ ಕಷ್ಟವಂತೆ. ಮಂಗಳವಾರ ಮಂಗಳವಾರ ಆ ಹುಡುಗಿ ಇರುತ್ತಾಳಂತೆ. ನಾನು ಆಟೋದಲ್ಲಿ ಬಂದು ನಿನ್ನನ್ನು ಕರೆದುಕೊಂಡು ಹೋಗುತ್ತೇನೆ. ಮಾವಳ್ಳಿ ಏನು ದೂರ?

ಸುಬ್ಬಿ


ಮಾವಳ್ಳಿ
1 ಅಕ್ಟೋಬರ್ 2024

ಸುಬ್ಬಮ್ಮನವರಿಗೆ,

ಬರಬೇಡಿ. ಬುದ್ಧಿ ಹೇಳುವವರು ನಮ್ಮ ಮನೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ನನ್ನ ಗಂಟಲು, ನನ್ನ ಸ್ಲೇಟು.

ಜ್ಯೋತಿಲಕ್ಷ್ಮಿ


ತ್ಯಾಗರಾಜನಗರ
2 ಡಿಸೆಂಬರ್ 2024

ಜ್ಯೋತಿ,

ನಿನ್ನ 'ಬನ್ನಿ ಹೋಗಿ' ಕಾಗದಕ್ಕೆ ಎರಡು ತಿಂಗಳು ಮರ್ಯಾದೆ ಕೊಟ್ಟೆ, ಸಾಕು.

ಕಡಲೆಕಾಯಿ ಪರಿಷೆ ಮುಗಿಯಿತು. ಈ ಸಲ ಬುಲ್ ಟೆಂಪಲ್ ರಸ್ತೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎರಡು ಸೇರು ಕೊಂಡೆ. ನಾನೊಬ್ಬಳೇ ತಿಂದು ಮುಗಿಸಲಾಗುವುದಿಲ್ಲ.

ಗಂಟಲಿನ ವಿಷಯ ಎತ್ತುವುದಿಲ್ಲ. ನಿನ್ನ ಸ್ಲೇಟು ನಿನ್ನ ಹತ್ತಿರವೇ ಇರಲಿ. ಈ ಸಲ ಮಾತಾಡುವ ಕೆಲಸ ನನ್ನದು. ನನ್ನ ಇಡೀ ಆಯಸ್ಸಿನಲ್ಲಿ ನಾನು ಯಾರಿಗೂ ಒಂದು ಸಿನಿಮಾ ಹೇಳಿಲ್ಲ, ನೀನು ಹೇಳಿದ್ದನ್ನೇ ಕೇಳಿದ್ದೇನೆ. ಹಸಿರು ಸೀರೆ ಸಿನಿಮಾದ ಕೊನೆ ನೀನು ನೋಡಿಲ್ಲವಲ್ಲ, ಅದನ್ನು ನಾನು ಹೇಳುತ್ತೇನೆ. ನೀನು ಕಿಟಕಿಯಲ್ಲಿ ನಿಂತು ಕೇಳಿದರೂ ಸರಿ, ಬಾಗಿಲು ಹಾಕಿಕೊಂಡರೂ ಸರಿ. ಹದಿನೈದನೇ ತಾರೀಖು ಭಾನುವಾರ ಬೆಳಿಗ್ಗೆ ಬರುತ್ತೇನೆ.

ನಿಮ್ಮ ಮನೆಯಲ್ಲೇ ತಿಂಡಿ ತಿನ್ನುತ್ತೇನೆ. ಲಾಸ್ಯಾಳಿಗೆ ಹೇಳಿಡು.

ಸುಬ್ಬಿ


ಮಾವಳ್ಳಿ
18 ಡಿಸೆಂಬರ್ 2024

ಮಹಾರಾಯ್ತಿ ಸುಬ್ಬಿಗೆ,

ನೀನು ಮೊನ್ನೆ ಕಥೆ ಹೇಳಿದ ರೀತಿಗೆ ನಿನ್ನ ಮೇಲೆ ಪೊಲೀಸ್ ಸ್ಟೇಷನ್ನಿನಲ್ಲಿ ದೂರು ಕೊಡಬಹುದು. ಇದನ್ನು ಎದುರಿಗೇ ಹೇಳಬೇಕಿತ್ತು. ಆದರೆ ಅವತ್ತು ಹೇಳಬೇಕಾದದ್ದು ಬೇರೆ ಏನೇನೋ ಇತ್ತು, ಗಂಟಲಿಗೂ ಅಷ್ಟು ಶಕ್ತಿ ಇರಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ನಿನಗೆ ಗೊತ್ತಿಲ್ಲದ ಒಂದು ವಿಷಯ ಮೊದಲು ಕೇಳು. ನಿನ್ನ ಕಡಲೆಕಾಯಿ ಕಾಗದ ಬಂದ ವಾರವೇ ಲಾಸ್ಯಾಳಿಗೆ ಸ್ಲೇಟಿನಲ್ಲಿ ಬರೆದು ಆ ಸಿನಿಮಾ ಹುಡುಕಿಸಿದೆ. ಅವಳು ಸಿನಿಮಾದ ಹೆಸರೇನು ಎಂದಳು, ಹಸಿರು ಸೀರೆ ಎಂದು ಬರೆದೆ. ಅವಳಿಗೆ ಸಿಕ್ಕಿದ್ದೆಲ್ಲ ಸೀರೆ ಅಂಗಡಿಗಳು. ಕೊನೆಗೆ ನಿಮ್ಮ ರಕ್ಷಿತಾಳನ್ನು ಕೇಳಿ ತೆಗೆದಳು. ಆಸ್ಪತ್ರೆ ಬಂತು. ಬಿಳಿ ಕೋಟಿನವನು ಬಂದ. ಕಾಲು ತಾನಾಗಿಯೇ ಮಂಚದಿಂದ ಇಳಿಯಿತು. ಲಾಸ್ಯಾ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಳು, ಅವಳಿಗೆ ಏನು ಅರ್ಥವಾಯಿತೋ. ನಾನು ಕೂತೆ. ಹಸಿರು ಸೀರೆಯವಳು ಸಾಯುವವರೆಗೂ ನೋಡಿದೆ. ನಮ್ಮಮ್ಮ ಸತ್ತಾಗ ಆ ಮಂಚದ ಪಕ್ಕದಲ್ಲಿ ಅಳಲಾಗದೆ ಉಳಿದದ್ದನ್ನೆಲ್ಲ ಅವತ್ತು ಅತ್ತೆ. ಅತ್ತ ಮೇಲೆ ಹಸಿವಾಯಿತು. ಎರಡು ದೋಸೆ ತಿಂದೆ.

ಅದಾದ ಮೇಲೆ ನೀನು ಬಂದೆ. ಕಡಲೆಕಾಯಿ ಚೀಲ, ಊರುಗೋಲು, ನರೆತ ಕೂದಲು. ಬಾಗಿಲಲ್ಲಿ ಒಂದು ಕ್ಷಣ ನಿಂತೆ. ಆಮೇಲೆ ಒಳಗೆ ಬಂದೆ. ಉಪ್ಪಿಟ್ಟು ಎರಡನೇ ಸಲ ಕೇಳಿ ಹಾಕಿಸಿಕೊಂಡೆ. ನಾನು ಅದನ್ನು ಗಮನಿಸಲಿಲ್ಲ ಎಂದುಕೊಳ್ಳಬೇಡ.

ಆಮೇಲೆ ಕುರ್ಚಿಯಲ್ಲಿ ನೆಟ್ಟಗೆ ಕೂತು ಕಥೆ ಶುರು ಮಾಡಿದೆಯಲ್ಲ, ಅಬ್ಬಾ. "ನಾಯಕಿಯು ರೈಲಿನಲ್ಲಿ ಆಗಮಿಸುತ್ತಾಳೆ. ಸದರಿ ನಾಯಕಿಯ ಚಪ್ಪಲಿ ಹರಿದಿರುತ್ತದೆ." ಸದರಿಯಂತೆ. ನೀನು ಕಥೆ ಹೇಳುತ್ತಿದ್ದೆಯೋ, ಮೇಲಧಿಕಾರಿಗೆ ಕಡತ ಮಂಡಿಸುತ್ತಿದ್ದೆಯೋ? ಲಾಸ್ಯಾ ಸೆರಗಿಲ್ಲದೆ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡಳು. ನಾನು ತಾಳ್ಮೆಯಿಂದ ಕೇಳಿದೆ. ನೀನು ಮದುವೆಯ ಹಾಡನ್ನು ನುಂಗಿ ಹಾಕಿದೆ, ನಾನು ತಾಳಿಕೊಂಡೆ. ಅವಳನ್ನು ಹೊರಗೆ ಹಾಕುವ ಮೊದಲೇ ಬಟ್ಟೆ ಹೊಲಿಯಲು ಕೂರಿಸಿದೆ, ಅದನ್ನೂ ತಾಳಿಕೊಂಡೆ. ಕೊನೆಗೆ ನೀನು ಆಸ್ಪತ್ರೆಗೆ ಬಂದೆ. "ಅವಳು ಗಂಡನ ಕಡೆ ತಿರುಗಿ ನೋಡದೆ ಸತ್ತಳು, ಮುಗಿಯಿತು" ಎಂದೆ.

ಅವಳು ತಿರುಗಿ ನೋಡುತ್ತಾಳೆ ಕಣೇ. ಅದೇ ಅಲ್ಲವೇ ಆ ದೃಶ್ಯ? ಬಾಗಿಲ ಕಡೆ ನೋಡುತ್ತಾಳೆ, ಗಂಡ ಬಂದಿಲ್ಲ. ಕಣ್ಣು ಮುಚ್ಚುತ್ತಾಳೆ. ಬೂಟಿನ ಸದ್ದು ಕೇಳಿ ಮತ್ತೆ ತೆರೆಯುತ್ತಾಳೆ. ಆ ಬೂಟಿನ ಸದ್ದನ್ನೇ ನೀನು ಬಿಟ್ಟುಬಿಟ್ಟರೆ ಕೇಳುವವರಿಗೆ ಏನು ಸಿಕ್ಕ ಹಾಗಾಯಿತು? ನಾನು ಸ್ಲೇಟು ಎತ್ತಿಕೊಂಡೆ. ಬರೆಯುವಷ್ಟರಲ್ಲಿ ನೀನು ಶುಭಂ ಎಂದುಬಿಡುತ್ತಿದ್ದೆ.

"ಹಂಗಲ್ಲ ಕಣೇ. ತಡಿ, ನಾನ್ ಹೇಳ್ತೀನಿ."

ಅದು ನನ್ನ ಬಾಯಿಂದ ಬಂತು. ಅದೇ ಹಳೆಯ ಬಾಗಿಲಿನ ಸದ್ದು. ಲಾಸ್ಯಾ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ನಾನು ನಿಲ್ಲಿಸಬಹುದಿತ್ತು, ಆದರೆ ಹಸಿರು ಸೀರೆಯವಳು ಮಂಚದಲ್ಲಿ ಕಣ್ಣು ಮುಚ್ಚಿ ಮಲಗಿದ್ದಳಲ್ಲ, ಅಲ್ಲಿಗೇ ಬಿಟ್ಟರೆ ಹೇಗೆ? ಮುಂದುವರಿಸಿದೆ. ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳಬೇಕಾಯಿತು. ಕೆಲವು ಮಾತು ಗಾಳಿಯಾಗಿಯೇ ಹೋದವು. ನೀನು ಜೋರಾಗಿ ಹೇಳು ಎನ್ನಲಿಲ್ಲ. ಕುರ್ಚಿ ಬಿಟ್ಟು ಎದ್ದು, ಮೊಣಕಾಲು ಹಿಡಿದುಕೊಂಡು ಬಂದು, ನನ್ನ ಮಂಚದ ಮೇಲೆ ನನ್ನ ಭುಜಕ್ಕೆ ಭುಜ ತಾಗಿಸಿ ಕೂತೆ. ಅಷ್ಟು ವರ್ಷ ಕಥೆ ಕೇಳಿದ್ದೀಯ, ಪಕ್ಕದಲ್ಲಿ ಕೂತು ಕೇಳಿದ್ದು ಅದೇ ಮೊದಲು. ಕಿವಿ ನನ್ನ ಬಾಯಿಯ ಹತ್ತಿರ ತಂದೆ. ಆಗ ನಾನು ಪಿಸುಮಾತಿನಲ್ಲೇ ಅವಳನ್ನು ಸಾಯಿಸಿದೆ, ನಿಜವಾದ ಸಿನಿಮಾದಲ್ಲಿ ಇದ್ದ ಹಾಗೆಯೇ. ನಾವು ಮೂವರೂ ಅತ್ತೆವು.

ಲಾಸ್ಯಾ ಮೂಗು ಒರೆಸಿಕೊಂಡು, "ಅಷ್ಟೇನಾ ಅಜ್ಜಿ? ಇನ್ನೊಂದ್ ಎಂಡಿಂಗ್ ಇದೆ ಅಂತ ಈ ಅಜ್ಜಿ ಅಂದಿದ್ರಲ್ಲ" ಎಂದಳು. ಅವಳಿಗೆ ಅದನ್ನೂ ಹೇಳಿದೆ. ಟಕಟಕ ಎನ್ನಲು ಹೋದೆ, ಗಂಟಲು ಬರೀ ಗರಗರ ಎಂದಿತು. ಆ ಸದ್ದನ್ನು ನೀನೇ ಮಾಡಿದೆ, ಮಂಚದ ಹಲಗೆಯ ಮೇಲೆ ಹತ್ತೂ ಬೆರಳು ಆಡಿಸಿ. ಸರ್ಕಾರಿ ಟೈಪಿಸ್ಟ್ ಎಂದರೆ ಸುಮ್ಮನೆಯೇ?

ನೀನು ಬೇಕೆಂದೇ ಅಷ್ಟು ಕೆಟ್ಟದಾಗಿ ಕಥೆ ಹೇಳಿದೆಯೋ ಅಥವಾ ನಿನ್ನ ಕೈಲಾಗುವುದೇ ಅಷ್ಟೋ, ನನಗೆ ಗೊತ್ತಿಲ್ಲ. ಹೇಳಬೇಡ. ಗೊತ್ತಾದರೆ ನಾನು ಮತ್ತೆ ಕೋಪ ಮಾಡಿಕೊಳ್ಳಬೇಕಾಗುತ್ತದೆ.

ನಿನ್ನೆ ಮಂಗಳವಾರ ಆಸ್ಪತ್ರೆಗೆ ಹೋಗಿದ್ದೆ. ಶ್ರೀಧರ ರಜೆ ಹಾಕಿ ಬಂದ, ಹೊರಗಿನ ಬೆಂಚಿನಲ್ಲಿ ಕೂತು ಉಗುರು ಕಚ್ಚಿದ. ಆ ಹುಡುಗಿ ನನ್ನನ್ನು ಮರೆತಿರಲಿಲ್ಲ. ಗಂಟಲಿನ ಮೇಲೆ ಕೈಯಿಟ್ಟು ನೋಡಿದಳು. ಹಳೆಯ ಧ್ವನಿ ಬರುವುದಿಲ್ಲ ಎಂದು ಮುಖಕ್ಕೇ ಹೇಳಿದಳು, ಅದು ನನಗೆ ಹಿಡಿಸಿತು. ಬರುವುದು ಬೇರೆ ಧ್ವನಿ, ಅದನ್ನು ಸಾಕಿಕೊಳ್ಳಬೇಕು ಎಂದಳು. ಬೆಳಿಗ್ಗೆ ಸಂಜೆ ಅಭ್ಯಾಸ ಕೊಟ್ಟಿದ್ದಾಳೆ. 'ಮ್' ಎಂದು ಉದ್ದಕ್ಕೆ ಎಳೆಯಬೇಕು. ಪಕ್ಕದ ಮನೆಯವರು ಮಿಕ್ಸಿ ಕೆಟ್ಟಿದೆಯೇ ಎಂದು ಕೇಳಿದರು.

ಇನ್ನೊಂದು ಕೆಲಸವನ್ನೂ ಕೊಟ್ಟಿದ್ದಾಳೆ, ಅದು ಎಲ್ಲಕ್ಕಿಂತ ಕಷ್ಟದ್ದು. ಮುಖ ಕಾಣದ ಒಬ್ಬರೊಡನೆ ಮಾತಾಡಬೇಕಂತೆ. ಕೈ ತೋರಿಸಿ, ಕಣ್ಣು ತೋರಿಸಿ ತಪ್ಪಿಸಿಕೊಳ್ಳುವ ಹಾಗಿಲ್ಲ, ಗಂಟಲೊಂದೇ ದುಡಿಯಬೇಕು. ಯಾರೊಡನೆ ಮಾತಾಡುತ್ತೀರಿ ಎಂದು ಕೇಳಿದಳು. ನಿನ್ನ ಹೆಸರು ಹೇಳಿದೆ. ಮೂರು ಸಲ ಹೇಳಿಸಿದಳು, ಮೂರನೇ ಸಲ ಸ್ಪಷ್ಟವಾಗಿ ಬಂತು.

ಭಾನುವಾರ ಬೆಳಿಗ್ಗೆ ತಿಂಡಿ ಆದಮೇಲೆ ಫೋನ್ ಮಾಡುತ್ತೇನೆ. ನೀನೇ ಎತ್ತು, ರಕ್ಷಿತಾ ಕೈಗೆ ಕೊಡಬೇಡ. ನೀನು ಹಲೋ ಎಂದ ಮೇಲೆ ಸ್ವಲ್ಪ ಹೊತ್ತು ಏನೂ ಕೇಳಿಸದೆ ಇರಬಹುದು. ಇಡಬೇಡ.

ನಿನ್ನ
ಜ್ಯೋತಿ